ಮಾತ್ರೆಯ ಮೇಲಿನ ಕೆಂಪು ಗೆರೆ

ಮಕ್ಕಳೇ, ಕೆಲವು ಮಾತ್ರೆಗಳ ಸ್ಟ್ರಿಪ್ ಮೇಲೆ ಉದ್ದನೆಯ ಕೆಂಪು ಗೆರೆ ನೋಡಿದ್ದೀರಾ? ವೈದ್ಯರ ಚೀಟಿಯಿಲ್ಲದೆ ಇವನ್ನು ನುಂಗಬಾರದು ಎಂಬ ಎಚ್ಚರಿಕೆ ಅದು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ಔಷಧಗಳಿಗೂ ಈ ಗೆರೆ ಇರುತ್ತದೆ.

ಇವನ್ನು ಬೇಕಾಬಿಟ್ಟಿ ಬಳಸಿದರೆ ಏನಾಗುತ್ತದೆ? ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಔಷಧವನ್ನು ತಾಳಿಕೊಳ್ಳಬಲ್ಲ ಕೆಲವು ಉಳಿದು ವೃದ್ಧಿಯಾಗುತ್ತವೆ. ಮುಂದೆ ಆ ಔಷಧ ನಾಟುವುದಿಲ್ಲ.

ಕೋಳಿ, ಮೀನು ಸಾಕಣೆಯಲ್ಲೂ ಆಂಟಿಬಯಾಟಿಕ್ ಬಳಕೆಯಿದೆ. ಅಲ್ಲಿ ಬೆಳೆದ ಇಂಥ ಬ್ಯಾಕ್ಟೀರಿಯಾಗಳು ನಮ್ಮನ್ನೂ ತಲುಪಬಹುದು. ಆದ್ದರಿಂದ ಆಸ್ಪತ್ರೆಗಳಷ್ಟೇ ಎಚ್ಚರ ವಹಿಸಿದರೆ ಸಾಲದು. 2017ರಲ್ಲಿ ಭಾರತವು ಆರೋಗ್ಯ, ಪಶುಪಾಲನೆ, ಕೃಷಿ, ಪರಿಸರ ಇಲಾಖೆಗಳನ್ನು ಸೇರಿಸಿ ರಾಷ್ಟ್ರೀಯ ಕ್ರಿಯಾಯೋಜನೆ ರೂಪಿಸಿತು. ಬೇರೆ ಔಷಧಗಳು ಸೋತಾಗ ರೋಗಿಗೆ ಕೊಡುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು 2019ರಲ್ಲಿ ನಿಷೇಧಿಸಿತು.

ಈ ಕೆಲಸದಲ್ಲಿ ನಿಮಗೂ ಪಾಲಿದೆ. ಕೆಂಪು ಗೆರೆಯ ಅರ್ಥವನ್ನು ಮನೆಯವರಿಗೆ ತಿಳಿಸಿ.