ಗೋಡೆಗೆ ಜೋತುಬಿದ್ದ ಹಣ

ಧಾರವಾಡದಲ್ಲಿ ಸಂಗೀತ ಕಲಿತ ಹುಡುಗರಿಗೆ ವಾದ್ಯದಂಗಡಿ ಇಡುವ ಮನಸ್ಸಾದರೆ ನನ್ನ ಹತ್ತಿರ ಬಂದು ಮೊದಲು ಕೇಳುವುದು ಒಂದೇ ಮಾತು: ‘ಅಣ್ಣಾರ, ಬಂಡವಾಳ ಎಷ್ಟು ಬೇಕ್ರಿ?’ ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಹಾಕಿದ ಹಣ ತಿರುಗಿ ಕೈಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದೇ ಮೊದಲನೆಯದು. ವಾದ್ಯದ ವ್ಯಾಪಾರದಲ್ಲಿ ನಿಂತವರು ಯಾರು, ಬಾಗಿಲು ಹಾಕಿದವರು ಯಾರು ಎಂಬುದು ಈ ಒಂದು ಲೆಕ್ಕದಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅನುಭವ.

ತಬಲಾ ಕಲಿಯುತ್ತಿದ್ದ ದಿನಗಳಲ್ಲಿ ನಾನು ಸಂಜೆ ಹೊತ್ತು ಒಂದು ಹಳೆಯ ವಾದ್ಯದಂಗಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಮೊದಲ ತಬಲಾ-ಡಗ್ಗಾ ಜೋಡಿಯ ಬೆಲೆಯನ್ನು ಮಾಲೀಕರು ಅದೇ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಮುರಿದುಕೊಂಡರು. ಗೋಡೆ ತುಂಬ ಸಿತಾರು, ಗಿಟಾರು ತೂಗುಹಾಕಿದರೆ ಅಂಗಡಿಗೆ ಕಳೆ ಬರುತ್ತದಲ್ಲ ಎಂದು ಕೇಳಿದರೆ ಅವರು ಹೇಳುತ್ತಿದ್ದರು: ‘ರೊಕ್ಕ ಗ್ವಾಡಿಗೆ ಜೋತ ಹಾಕಬಾರದು ತಮ್ಮಾ. ಅದು ಓಡಾಡಬೇಕು.’ ವಯಸ್ಸಾಗಿ ಅವರು ಅಂಗಡಿ ಬಿಡುವಾಗ ಅದನ್ನು ನಾನೇ ವಹಿಸಿಕೊಂಡೆ. ಅಂಗಡಿಯ ಜೊತೆಗೆ ಆ ಮಾತನ್ನೂ ವಹಿಸಿಕೊಂಡೆ.

ಓಡುವ ಹಣ, ಕೂತ ಹಣ

ಆ ಮಾತಿನ ಹಿಂದಿನ ಲೆಕ್ಕ ಹೀಗಿದೆ. 20,000 ರೂಪಾಯಿ ಕೊಟ್ಟು ತಂದ ತಂಬೂರಿ 25,000ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಲಾಭ 5,000. ಅದು ಹೋಗಲು ಒಂದು ವರ್ಷ ಹಿಡಿದು, ಹಾಕಿದ ಹಣ ಶೇ 12ರ ಬಡ್ಡಿಯ ಸಾಲವಾಗಿದ್ದರೆ 2,400 ರೂಪಾಯಿ ಬಡ್ಡಿಗೇ ಹೋಗುತ್ತದೆ. ಎರಡು ವರ್ಷ ಕೂತರೆ ಬಡ್ಡಿ 4,800. ಉಳಿಯುವುದು 200 ರೂಪಾಯಿ. ಬಾಡಿಗೆ, ಕರೆಂಟಿನ ಬಿಲ್ಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅದೇ 20,000 ರೂಪಾಯಿಗೆ ತಂತಿ, ತಬಲಾದ ಬಾಯಿಗೆ ಬಿಗಿಯುವ ಚರ್ಮದ ಪುಡಿ, ಬದ್ದಿ, ಗಟ್ಟೆ, ಸುತ್ತಿಗೆ ತರೋಣ. ಲಾಭ ಶೇ 15 ಮಾತ್ರ ಇರಲಿ. ಈ ಸಾಮಾನು ಎರಡು ತಿಂಗಳಿಗೊಮ್ಮೆ ಖಾಲಿಯಾದರೆ ಅದೇ ಹಣ ವರ್ಷಕ್ಕೆ ಆರು ಸಲ ತಿರುಗುತ್ತದೆ. ಒಂದೊಂದು ತಿರುಗಾಟಕ್ಕೆ 3,000 ಎಂದರೂ ವರ್ಷಕ್ಕೆ 18,000. ಒಂದೊಂದು ಮಾರಾಟದಲ್ಲಿ ಹೆಚ್ಚು ಲಾಭ ತಂದದ್ದು ತಂಬೂರಿ, ವರ್ಷವಿಡೀ ಅಂಗಡಿ ನಡೆಸಿದ್ದು ತಂತಿ ಮತ್ತು ಚರ್ಮ.

ಹಾಗಾದರೆ ತಂಬೂರಿ ಬೇಡವೆ? ಬೇಕೇ ಬೇಕು. ತಂಬೂರಿಯಿಲ್ಲದ ವಾದ್ಯದಂಗಡಿಯನ್ನು ಈ ಊರಲ್ಲಿ ನಾನು ಊಹಿಸಲಾರೆ. ನಮ್ಮ ಭಾಗಕ್ಕೆ ತಂಬೂರಿ ಬರುವುದು ಮಿರಜ್‌ನಿಂದ. ನಮ್ಮ ಗಾಯನವೂ ಬಂದದ್ದು ಅದೇ ದಾರಿಯಲ್ಲಿ. ಮಿರಜ್‌ನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಅಲ್ಲಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಸೋರೆ ಬುರುಡೆಯನ್ನು ಆರಿಸಿ, ಒಣಗಿಸಿ, ಕೊರೆದು, ಕೊನೆಗೆ ನಾದ ಹದಗೊಳಿಸಲು ಜವಾರಿ ತೆರೆಯುವ ತನಕ ಎಲ್ಲ ಕೈಕೆಲಸ. ಅಂಥ ಕೆಲಸಗಾರನಿಗೆ ‘ಮಾರಿದ ಮೇಲೆ ದುಡ್ಡು ಕೊಡುತ್ತೇನೆ’ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಅದಕ್ಕೆ ನಾನು ಕಂಡುಕೊಂಡ ದಾರಿ ಮುಂಗಡದ್ದು. ಗಂಡುದನಿಗೆ ದೊಡ್ಡ ತಂಬೂರಿ ಬೇಕು, ಹೆಣ್ಣುದನಿಗೆ ಚಿಕ್ಕದು. ಹಾಡುವವರ ಸ್ವರ ಹಾರ್ಮೋನಿಯಂ ಪೇಟಿಯ ಕಪ್ಪು ಒಂದೋ ಬಿಳಿ ಐದೋ ಎಂದು ತಿಳಿಯದೆ ತರಿಸಿಟ್ಟ ತಂಬೂರಿ ಗಿರಾಕಿಗಾಗಿ ಕಾಯುತ್ತ ಕೂರುತ್ತದೆ. ಆದ್ದರಿಂದ ಕೇಳಿ ನೋಡಲು ಗಂಡುದನಿಯದೊಂದು, ಹೆಣ್ಣುದನಿಯದೊಂದು ಅಂಗಡಿಯಲ್ಲಿರುತ್ತದೆ. ಉಳಿದದ್ದೆಲ್ಲ ಹೇಳಿ ಮಾಡಿಸುವುದು. ಗಿರಾಕಿಯಿಂದ ಅರ್ಧ ಬೆಲೆ ಮುಂಗಡ ಪಡೆದು ಅಂದೇ ಮಿರಜ್‌ಗೆ ಕಳಿಸುತ್ತೇನೆ. ಮುಂಗಡ ನನ್ನ ಹಣವಲ್ಲ. ಅದು ಬಾಡಿಗೆಗೂ ಹೋಗಬಾರದು, ಮನೆಖರ್ಚಿಗೂ ಹೋಗಬಾರದು.

ಕಿವಿಯೇ ಬಂಡವಾಳ

ಸಂಗೀತ ಕಲಿತವನು ಅಂಗಡಿಗೆ ತರುವ ನಿಜವಾದ ಬಂಡವಾಳ ಅವನ ಕಿವಿ. ಮಳೆಗಾಲದ ಥಂಡಿಗೆ ತಬಲಾದ ಚರ್ಮ ಸಡಿಲಾಗುತ್ತದೆ. ಪೇಟಿಯ ರೀಡು ಸ್ವರ ತಪ್ಪುತ್ತದೆ, ತಿದಿ ಹರಿಯುತ್ತದೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ವರ್ಷಕ್ಕೆ ಎರಡು ಸಲ. ಅವಕ್ಕೆ ಮುಂಚೆ ಪುಡಿ ಬದಲಿಸಲು ಬರುವವರ ಸಾಲು. ಶ್ರಾವಣ ಹತ್ತಿರ ಬಂದರೆ ಭಜನಾ ಮಂಡಳಿಗಳ ಪೇಟಿಗಳು ಬರುತ್ತವೆ. ರಿಪೇರಿಯ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುವ ಸರಕಿಲ್ಲ. ಮಜೂರಿ ಅಂದೇ ಕೈಗೆ ಬರುತ್ತದೆ. ಆನ್‌ಲೈನ್‌ನಲ್ಲಿ ತಬಲಾ ನನಗಿಂತ ಅಗ್ಗವಾಗಿ ಸಿಗಬಹುದು, ಅದನ್ನು ಸ್ವರಕ್ಕೆ ಕೂಡಿಸಿಕೊಳ್ಳಲು ಮಾತ್ರ ಜನ ನನ್ನ ಬಳಿಗೇ ಬರುತ್ತಾರೆ. ನನ್ನ ಅಂಗಡಿಯ ಬಾಡಿಗೆ, ಹುಡುಗರ ಸಂಬಳ ಎರಡೂ ಈ ಮೇಜಿನಿಂದಲೇ ಹುಟ್ಟುತ್ತವೆ.

ಎಲೆಕ್ಟ್ರಾನಿಕ್ ಸಾಮಾನಿನ ದಾರಿ ಬೇರೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆ ಮನೆಮನೆಯ ರಿಯಾಜಿಗೆ ಜೊತೆಯಾಯಿತು. ಈಗ ಆ ನಾದ ಫೋನಿನ ಆ್ಯಪ್‌ನಲ್ಲೂ ಸಿಗುತ್ತದೆ. ಮರದ ವಾದ್ಯ ಜೋಪಾನವಾಗಿಟ್ಟರೆ ವರ್ಷ ಕಳೆದರೂ ಬೆಲೆ ಉಳಿಸಿಕೊಳ್ಳುತ್ತದೆ, ಕೀಬೋರ್ಡಿಗೆ ಹೊಸ ಮಾಡೆಲ್ ಬಂದ ದಿನವೇ ಹಳೆಯದರ ಬೆಲೆ ಇಳಿಯುತ್ತದೆ. ಅಂಥ ಸಾಮಾನನ್ನು ನಾನು ಒಂದೆರಡಕ್ಕಿಂತ ಹೆಚ್ಚು ತರಿಸುವುದಿಲ್ಲ.

ಸಾಲ, ತೆರಿಗೆ, ಕಂತು

ಸಾಲ ಬೇಕಾದವರಿಗೆ 2015ರಲ್ಲಿ ಶುರುವಾದ ಮುದ್ರಾ ಯೋಜನೆ ಇದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಆ ಹಣ ಬೇಗ ತಿರುಗುವ ಸಾಮಾನಿಗೆ ಮಾತ್ರ ಹೋಗಲಿ. ಮಳಿಗೆಯ ಡಿಪಾಜಿಟ್ಟು, ಗಾಜಿನ ಕಪಾಟು ಸ್ವಂತ ಉಳಿತಾಯದಿಂದ ಆಗಬೇಕು, ಏಕೆಂದರೆ ಅವು ಕಂತು ಕಟ್ಟುವ ಹಣ ದುಡಿದು ಕೊಡುವುದಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ತಬಲಾ, ಸಿತಾರು, ತಂಬೂರಿಯಂಥ ಕೈಯಿಂದ ಮಾಡಿದ ದೇಶಿ ವಾದ್ಯಗಳಿಗೆ ತೆರಿಗೆ ವಿನಾಯಿತಿ ಸಿಕ್ಕಿತು. ಗಿಟಾರು, ಕೀಬೋರ್ಡಿಗೆ ತೆರಿಗೆ ಇದೆ. ಎರಡರ ಲೆಕ್ಕವನ್ನೂ ಮೊದಲ ದಿನದಿಂದ ಬೇರೆ ಬೇರೆ ಬರೆದಿಡಿ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ತೆರಿಗೆಯ ಸಾಮಾನನ್ನೂ ಮಾರುವವರು ಆ ಮಿತಿಯನ್ನು ಎಣಿಸುವಾಗ ವಿನಾಯಿತಿ ವಾದ್ಯಗಳ ಮಾರಾಟವನ್ನೂ ಸೇರಿಸಬೇಕು.

ಕಂತಿನಲ್ಲಿ ವಾದ್ಯ ಕೊಡುವುದನ್ನು ನಾನು ಬಿಟ್ಟಿಲ್ಲ, ಬಡ್ಡಿಯನ್ನೂ ಕೇಳುವುದಿಲ್ಲ. ಕಲಿಸುವ ಗುರುಗಳ ಮಾತೇ ಜಾಮೀನು. ಅದಕ್ಕೊಂದು ಗಡಿ ಇದೆ: ಹೊರಗೆ ನಿಂತ ಕಂತಿನ ಹಣ ಅಂಗಡಿಯ ಒಟ್ಟು ಸರಕಿನ ಕಾಲು ಭಾಗ ದಾಟಬಾರದು. ಗಡಿ ಮುಟ್ಟಿದರೆ ಮುಂದಿನ ಹುಡುಗನಿಗೆ ಹಳೆಯ ಜೋಡಿಯೊಂದನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುತ್ತೇನೆ. ಅವನ ಅಭ್ಯಾಸ ನಿಲ್ಲುವುದಿಲ್ಲ.

ಮನೆಯ ಲೆಕ್ಕವೂ ಇಷ್ಟೇ ಮುಖ್ಯ. ನಾನು ತಬಲಾ ನುಡಿಸುವ ಕಛೇರಿಗಳ ಸಂಭಾವನೆ ಗಣೇಶೋತ್ಸವದಿಂದ ನವರಾತ್ರಿಯವರೆಗೆ ಕೈತುಂಬ ಬರುತ್ತದೆ, ಬೇಸಿಗೆಯಲ್ಲಿ ಇರುವುದಿಲ್ಲ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆ ಇಟ್ಟಿದ್ದೇನೆ. ಅಂಗಡಿಯಿಂದ ನನಗೂ ತಿಂಗಳ ಸಂಬಳ. ಸಂಭಾವನೆಯ ಹಣ ಮೊದಲು ಆರು ತಿಂಗಳ ಮನೆಖರ್ಚಿನ ಗಂಟಾಗುತ್ತದೆ, ಆಮೇಲೆ ಉಳಿದದ್ದೆಲ್ಲ.

ಆದ್ದರಿಂದ ಬಂಡವಾಳ ಕೇಳಿ ಬರುವವರಿಗೆ ನನ್ನ ಉತ್ತರ ಇದು. ಮೊದಲು ಒಂದು ಅಂಗಡಿಯಲ್ಲಿ ಕೆಲಸ ಮಾಡಿ, ಯಾವ ಸಾಮಾನು ಎಷ್ಟು ದಿನ ಕೂರುತ್ತದೆ ಎಂದು ಬರೆದಿಡಿ. ಆಮೇಲೆ ಚಿಕ್ಕ ಜಾಗದಲ್ಲಿ ರಿಪೇರಿಯ ಮೇಜು ಇಡಿ. ಅದರ ದುಡಿಮೆಯಿಂದ ಬಾಡಿಗೆ ಹುಟ್ಟತೊಡಗಿದ ಮೇಲೆ ಒಂದೊಂದೇ ವಾದ್ಯ ತನ್ನಿ. ಊರಿನ ವಾದ್ಯದಂಗಡಿ ಮುಚ್ಚಿದರೆ ಒಂದು ಪುಡಿಗಾಗಿ ಹುಡುಗರು ಬಸ್ಸು ಹತ್ತಬೇಕಾಗುತ್ತದೆ, ಬಡವರ ಮಕ್ಕಳ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಂಗಡಿ ಲಾಭದಲ್ಲಿದ್ದರೆ ಮಾತ್ರ ಅಂಥವರಿಗೆ ಕಂತಿನಲ್ಲಿ ತಬಲಾ ಕೊಡಬಹುದು. ಲಾಭದ ಲೆಕ್ಕ ಇಡಲು ಸಂಗೀತಗಾರ ಸಂಕೋಚಪಡಬೇಕಾಗಿಲ್ಲ.