ಪಾಳಿಯ ಕರ್ಮಣಿ, ಧಾರವಾಡದ ಕನ್ನಡ

ಕ್ರಿಯೆಯ ಫಲ ಕರ್ತೃವನ್ನು ದಾಟಿ ಇನ್ನೊಂದು ವಸ್ತುವನ್ನು ಮುಟ್ಟಿದರೆ ಧಾತು ಸಕರ್ಮಕ, ಮುಟ್ಟದಿದ್ದರೆ ಅಕರ್ಮಕ ಎಂಬ ವಿಭಾಗವನ್ನು ಶಾಲೆಯಲ್ಲೇ ಕಲಿತು ಪಾಳಿಗೆ ಬರುವ ಕನ್ನಡಿಗ ಅದನ್ನು ಹಳೆಯ ಪಾಠವೆಂದು ಬೇಗ ದಾಟಿಬಿಡುತ್ತಾನೆ. ಆದರೆ ಪಾಳಿಯ ಭೂತಕೃದಂತ ವಾಕ್ಯಗಳು ನಿಂತಿರುವುದು ಈ ವಿಭಾಗದ ಮೇಲೆಯೇ. ಅಕರ್ಮಕವಾದ ‘ಸೋ ಮತೋ’ (ಅವನು ಸತ್ತ) ಎಂಬಲ್ಲಿ ಕರ್ತೃ ಪ್ರಥಮಾ ವಿಭಕ್ತಿಯಲ್ಲಿದ್ದರೆ, ಸಕರ್ಮಕವಾದ ‘ತೇನ ಓದನೋ ಭುತ್ತೋ’ (ಅವನು ಅನ್ನ ಉಂಡ) ಎಂಬಲ್ಲಿ ಕರ್ತೃ ತೃತೀಯೆಗೆ ಸರಿದು, ಅನ್ನವೇ ಪ್ರಥಮೆಗೆ ಬಂದು, ಕೃದಂತ ಅದರ ಲಿಂಗವಚನಗಳನ್ನು ಅನುಸರಿಸುತ್ತದೆ. ಪ್ರಥಮೆಯಲ್ಲಿರುವುದೆಲ್ಲ ಕರ್ತೃ ಎಂಬ ಕನ್ನಡದ ರೂಢಿಯಿಂದ ಈ ಲೇಖಕನೂ ಬಹುಕಾಲ ಇಂಥ ವಾಕ್ಯಗಳನ್ನು ತಲೆಕೆಳಗಾಗಿ ಓದಿದ್ದುಂಟು.

ಆ ತೊಡಕನ್ನು ಬಿಡಿಸಿದ್ದು ವ್ಯಾಕರಣ ಗ್ರಂಥವಲ್ಲ, ಹುಬ್ಬಳ್ಳಿ-ಧಾರವಾಡದ ಮನೆ ಮತ್ತು ಪೇಟೆಗಳಲ್ಲಿ ಕಿವಿಗೆ ಬೀಳುವ ಮರಾಠಿ. ‘ತೋ ಮೇಲಾ’ ಎನ್ನುವ ಮರಾಠಿಯೇ ‘ತ್ಯಾನೇ ಭಾತ್ ಖಾಲ್ಲಾ’, ‘ತ್ಯಾನೇ ಪೋಳೀ ಖಾಲ್ಲೀ’ ಎನ್ನುವಾಗ ಕ್ರಿಯಾಪದವನ್ನು ಕರ್ಮದ ಲಿಂಗಕ್ಕೆ ಹೊಂದಿಸುತ್ತದೆ. ಪ್ರಾಕೃತಗಳ ಕರ್ಮಣಿ ಕೃದಂತದಿಂದಲೇ ಬೆಳೆದ ಈ ರಚನೆ ಗೊತ್ತಿದ್ದವನಿಗೆ ಪಾಳಿಯ ವಾಕ್ಯ ಪರಕೀಯವೆನಿಸುವುದಿಲ್ಲ.

ವರ್ತಮಾನದ ಕರ್ಮಣಿಯಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಧಾತುವಿಗೆ ಸೇರುವ ‘ಯ’ ಪ್ರತ್ಯಯ ಹಲವೆಡೆ ಹಿಂದಿನ ವ್ಯಂಜನದಲ್ಲಿ ಲೀನವಾಗಿ ಅದನ್ನು ದ್ವಿತ್ವಗೊಳಿಸುವುದರಿಂದ, ಪಡೆಯುವವನನ್ನು ಹೇಳುವ ‘ಲಭತಿ’ಗೂ ಪಡೆದ ವಸ್ತುವನ್ನು ಹೇಳುವ ‘ಲಬ್ಭತಿ’ಗೂ, ಬೇಯಿಸುವ ‘ಪಚತಿ’ಗೂ ಬೇಯುವ ‘ಪಚ್ಚತಿ’ಗೂ ಕನ್ನಡ ಲಿಪಿಯಲ್ಲಿ ಒಂದು ಒತ್ತಕ್ಷರದಷ್ಟೇ ಅಂತರ. ಪಾಳಿಯನ್ನು ಬೆರಳಿಟ್ಟು, ಒತ್ತುಗಳನ್ನು ಉಚ್ಚರಿಸಿಯೇ ಓದಬೇಕು.

ಅನುವಾದದ ಪ್ರಶ್ನೆ ಬೇರೆ. ಪಾಳಿಯ ಪ್ರತಿ ಕರ್ಮಣಿಗೂ ‘ಅಲ್ಪಡು’ ಹಚ್ಚಿದರೆ ವ್ಯಾಕರಣ ಉಳಿದು ಕನ್ನಡ ಸಾಯುತ್ತದೆ. ‘ಈ ಗುಡಿ ಯಾವಾಗ ಕಟ್ಯಾರ?’ ಎಂದು ಕರ್ತೃವನ್ನೇ ಬಿಟ್ಟು ಕೇಳುವ ಧಾರವಾಡದವರು ‘ಕಟ್ಟಲ್ಪಟ್ಟಿತು’ ಎಂದು ಆಡುವುದಿಲ್ಲ. ಪಾಳಿಗೆ ಹತ್ತಿರದ ಪ್ರಾಕೃತದಲ್ಲಿರುವ, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರು ತೃತೀಯೆಯಲ್ಲಿ, ಬರೆದುದು ಕೃದಂತದಲ್ಲಿ ಬಂದಿದೆ. ಅದಕ್ಕೆ ‘ಚಪಡನಿಂದ ಬರೆಯಲ್ಪಟ್ಟಿತು’ ಎಂಬುದಕ್ಕಿಂತ ‘ಚಪಡ ಬರೆದದ್ದು’ ಎಂಬುದೇ ಸರಿಯಾದ ಕನ್ನಡ.