ಮಂಚವು ಅಟ್ಟವಾದಾಗ

ಅಮೆರಿಕದ ಕಾಲೇಜು ವಿದ್ಯಾರ್ಥಿನಿಲಯಗಳಲ್ಲಿ ಇಬ್ಬರಿಗೆ ಒಂದು ಕೊಠಡಿಯನ್ನು ಕೊಡುವ ವಾಡಿಕೆಯುಂಟು. ಅಲ್ಲಿಯ ಹಾಸಿಗೆ ಸಾಮಾನ್ಯವಾಗಿ 80 ಅಂಗುಲ ಉದ್ದ, 36ರಿಂದ 38 ಅಂಗುಲ ಅಗಲ. ಕೊಠಡಿಯು 12 ಅಡಿ ಉದ್ದ, 10 ಅಡಿ ಅಗಲವೆಂದು ಭಾವಿಸೋಣ. ಆ 120 ಚದರಡಿಯಲ್ಲಿ ಎರಡು ಮಂಚಗಳೇ ಸುಮಾರು 42 ಚದರಡಿಯನ್ನು ನುಂಗಿಬಿಡುತ್ತವೆ. ಮಂಚವನ್ನು ಐದಾರು ಅಡಿ ಮೇಲೇರಿಸಿ, ಕೆಳಗೆ ಮೇಜು ಕುರ್ಚಿಗಳನ್ನು ಹಾಕಿಕೊಂಡರೆ ಈ ನೆಲವೆಲ್ಲ ಮರಳಿ ದೊರೆಯುತ್ತದೆ. ನಮ್ಮ ಮನೆಗಳ ಅಟ್ಟದ ಉಪಾಯವೇ ಇದು. ಆದರೆ ಅಟ್ಟದ ಮೇಲಿನ ಪಾತ್ರೆಗಳು ನಿದ್ದೆಯಲ್ಲಿ ಹೊರಳುವುದಿಲ್ಲ, ಮನುಷ್ಯನು ಹೊರಳುತ್ತಾನೆ.

ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಕಾಲುಗಳ ನಡುವೆ ಬೀಳುವವರೆಗೆ ಮಂಚ ಉರುಳದು. ಮಂಚದ ಅಗಲ 96 ಸೆಂಟಿಮೀಟರು. ಮಲಗಿದವನನ್ನೂ ಸೇರಿಸಿ ಗುರುತ್ವಕೇಂದ್ರದ ಎತ್ತರ 50 ಸೆಂಟಿಮೀಟರು ಎನ್ನೋಣ. ಅದನ್ನು ಉರುಳಿಸಲು ಸುಮಾರು 44 ಡಿಗ್ರಿ ವಾಲಿಸಬೇಕು. ಗುರುತ್ವಕೇಂದ್ರವು 160 ಸೆಂಟಿಮೀಟರಿಗೆ ಏರಿದರೆ 17 ಡಿಗ್ರಿಯೇ ಸಾಕು.

ಉರುಳುವುದಕ್ಕಿಂತ ಹೆಚ್ಚಾಗಿ ಕಾಡುವ ದೋಷವೆಂದರೆ ಓಲಾಟ. ನಾಲ್ಕು ಮರದ ಪಟ್ಟಿಗಳನ್ನು ಮೂಲೆಗೊಂದರಂತೆ ಮೊಳೆ ಹೊಡೆದು ಆಯತವಾಗಿ ಜೋಡಿಸಿ, ಒಂದು ಮೂಲೆಯನ್ನು ಪಕ್ಕಕ್ಕೆ ಒತ್ತಿ ನೋಡಿರಿ. ಪಟ್ಟಿಗಳಲ್ಲಿ ಒಂದೂ ಮುರಿಯುವುದಿಲ್ಲ, ಬಾಗುವುದಿಲ್ಲ. ಆದರೂ ಆಯತವು ಸಮಾಂತರ ಚತುರ್ಭುಜವಾಗುತ್ತದೆ. ಮೂರು ಪಟ್ಟಿಗಳ ತ್ರಿಕೋನವಾದರೋ ಎಷ್ಟು ಒತ್ತಿದರೂ ಆಕಾರ ಬಿಡದು. ಬಾಹುಗಳ ಉದ್ದವು ಗೊತ್ತಾದೊಡನೆ ಅದರ ಕೋನಗಳೂ ನಿಶ್ಚಿತವಾಗಿಬಿಡುತ್ತವೆ. ಎತ್ತರದ ಮಂಚದಲ್ಲಿ ಕಾಲುಗಳೂ ಅಡ್ಡತೊಲೆಗಳೂ ಸೇರಿ ಇಂಥ ಆಯತಗಳೇ ಆಗಿವೆ. ಮೇಲಿನವನು ಮಗ್ಗುಲು ಬದಲಿಸಿದಾಗಲೆಲ್ಲ ಪಕ್ಕದ ಒತ್ತಡ ಬೀಳುತ್ತದೆ. ಕಾಲು ಉದ್ದವಾದಷ್ಟೂ ಅದೇ ಬಲವು ಕೀಲುಗಳನ್ನು ಹೆಚ್ಚಾಗಿ ತಿರುಚುತ್ತದೆ. ಹಿಂಬದಿಯಲ್ಲೂ ಎರಡು ಕೊನೆಗಳಲ್ಲೂ ಒಂದೊಂದು ಕರ್ಣಪಟ್ಟಿಯನ್ನು ಬೋಲ್ಟಿನಿಂದ ಬಿಗಿದರೆ ಆಯತವು ಎರಡು ತ್ರಿಕೋನಗಳಾಗಿ ಓಲಾಟ ನಿಲ್ಲುತ್ತದೆ. ದಪ್ಪ ಕಾಲುಗಳಿಗೆ ಹಣ ಸುರಿಯುವುದಕ್ಕಿಂತ ಇದು ಮೇಲು. ಕಾಲುಗಳಡಿಯಲ್ಲಿ ಇಟ್ಟಿಗೆಗಳನ್ನು ಪೇರಿಸುವುದಂತೂ ಕೂಡದು. ಭಾರವನ್ನು ಅವು ಹೊರಬಲ್ಲವು, ಪಕ್ಕದ ತಳ್ಳಿಗೆ ಜಾರುತ್ತವೆ.

ಇನ್ನು ಬೀಳುವ ಮಾತು. ಅರ್ಧ ಮೀಟರು ಎತ್ತರದಿಂದ ಬಿದ್ದವನು ಗಂಟೆಗೆ 11 ಕಿಲೋಮೀಟರು ವೇಗದಲ್ಲಿ ನೆಲ ಮುಟ್ಟಿದರೆ, 1.8 ಮೀಟರಿನಿಂದ ಬಿದ್ದವನ ವೇಗ 21 ಕಿಲೋಮೀಟರು. ಚಲನಶಕ್ತಿ ಮೂರೂವರೆ ಪಟ್ಟಿಗೂ ಮಿಗಿಲು. ಅಂತಸ್ತಿನ ಮಂಚಗಳ ಬದಿಯ ತಡೆಕಂಬಿಯು ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರವಿರಬೇಕೆಂಬ ನಿಯಮವು ಅಮೆರಿಕದಲ್ಲಿ 2000ದಲ್ಲಿ ಜಾರಿಗೆ ಬಂದಿತು. ಸಂಸ್ಥೆಗಳಿಗೆಂದೇ ತಯಾರಾದ ಮಂಚಗಳಿಗೆ ಮಾತ್ರ ಅದು ಅನ್ವಯಿಸದು! ಆದುದರಿಂದ ಅಲ್ಲಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳು ತಡೆಕಂಬಿಯನ್ನು ಕೇಳಿ ಪಡೆಯುವುದು ಲೇಸು. ಹಾಸಿಗೆಯ ಮೇಲೆ 3 ಅಂಗುಲದ ಮತ್ತೊಂದು ಮೆತ್ತೆಯನ್ನು ಹಾಸಿದರೆ 5 ಅಂಗುಲದ ತಡೆಯು 2 ಅಂಗುಲಕ್ಕೆ ಇಳಿಯುವುದೆಂಬುದನ್ನೂ ಗಮನಿಸಬೇಕು.

ನಮ್ಮಲ್ಲಿಯ ಕೊಠಡಿಗಳಲ್ಲಿ ಇನ್ನೊಂದು ತೊಡಕುಂಟು: ಚಾವಣಿಯ ಪಂಕ. ಆರಡಿ ಎತ್ತರದಲ್ಲಿ ಎದ್ದು ಕುಳಿತವನ ತಲೆ ಒಂಬತ್ತಡಿಯ ಹತ್ತಿರಕ್ಕೆ, ಎಂದರೆ ರೆಕ್ಕೆಗಳ ಮಟ್ಟಕ್ಕೇ ಬರಬಹುದು. ಇಂಥ ಕಡೆ ಗಟ್ಟಿಯಾದ ಕಾಲುಗಳ ಮೇಲೆ ಮೂರಡಿಯವರೆಗೆ ಮಾತ್ರ ಎತ್ತರಿಸಿ, ಕೆಳಗೆ ಪೆಟ್ಟಿಗೆಗಳನ್ನು ತಳ್ಳಿಡುವುದೇ ಸರಿ.